ಮೈಕ್ ತೂತಿಲ್ಲದ ಕ್ಯಾಮೆರಾ ಅಗ್ಗವೇ?

ವಿಡಿಯೊ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ನಿಕಾನ್ ಡಿ90 ಬಂದದ್ದು 2008ರಲ್ಲಿ. ಅದೇ ವರ್ಷ ಕ್ಯಾನನ್ 5ಡಿ ಮಾರ್ಕ್ 2 ಫುಲ್ ಎಚ್‌ಡಿಗೆ ಏರಿತು; 2010ರಲ್ಲಿ ಅಮೆರಿಕದ ‘ಹೌಸ್’ ಧಾರಾವಾಹಿಯ ಒಂದು ಕಂತನ್ನೇ ಅದರಲ್ಲಿ ಚಿತ್ರೀಕರಿಸಿದರು. ಹಿನ್ನೆಲೆ ಮಸುಕಾಗಿ ಮುಖವಷ್ಟೇ ಎದ್ದು ಕಾಣುವ ಆ ನೋಟಕ್ಕೆ ಮನಸೋತವರು ಇಂದಿಗೂ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಹುಡುಕುತ್ತಾರೆ. ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಮಾತ್ರ ಮೆಗಾಪಿಕ್ಸೆಲ್ ಎಷ್ಟೆಂದು. ಫುಲ್ ಎಚ್‌ಡಿ ವಿಡಿಯೊಗೆ ಸುಮಾರು 2 ಮೆಗಾಪಿಕ್ಸೆಲ್ ಸಾಕು!

ಮೊದಲು ನೋಡಬೇಕಾದದ್ದು ಮೈಕ್ ಚುಚ್ಚುವ ತೂತನ್ನು. ಅಗ್ಗದ ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡರಲ್ಲೂ ಅದಿಲ್ಲ. ಸದ್ದನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದು ಎಡಿಟಿಂಗ್‌ನಲ್ಲಿ ತುಟಿಗೆ ಹೊಂದಿಸಬೇಕು. ಬಾಡಿಯಲ್ಲಿ ಉಳಿಸಿದ ಹಣ ಅಲ್ಲಿಗೆ ಹೋಯಿತು.

2017ರ ಕ್ಯಾನನ್ 200ಡಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಮೈಕ್ ತೂತು, ತಿರುಗುವ ಪರದೆ, ಮುಖವನ್ನು ಬಿಡದೆ ಹಿಂಬಾಲಿಸುವ ಡ್ಯುಯಲ್ ಪಿಕ್ಸೆಲ್ ಫೋಕಸ್, ಮೂರೂ ಇವೆ. ವಿಡಿಯೊ ತೆಗೆಯುವಾಗ ಕನ್ನಡಿ ಮೇಲೆದ್ದು ವ್ಯೂಫೈಂಡರ್ ಕತ್ತಲಾಗುವುದರಿಂದ ಪರದೆಯೇ ಗತಿ. ಅದು ತಿರುಗಿದರೆ ಒಬ್ಬರೇ ಚಿತ್ರೀಕರಿಸಿಕೊಳ್ಳುವವರಿಗೆ ಅರ್ಧ ಕೆಲಸ ಹಗುರ. ಕೊರತೆಯೂ ಇದೆ: ಹೆಡ್‌ಫೋನ್ ತೂತಿಲ್ಲ, ಧ್ವನಿ ಒಡೆದದ್ದು ಮನೆಗೆ ಬಂದ ಮೇಲೆ ತಿಳಿಯುತ್ತದೆ. 2019ರ ಎರಡನೇ ಆವೃತ್ತಿ 4ಕೆ ಎಂದು ಬೀಗಿದರೂ, 4ಕೆಯಲ್ಲಿ ಚೌಕಟ್ಟು ಕಿರಿದಾಗಿ ಆ ಚುರುಕು ಫೋಕಸ್ಸೂ ಕೈಕೊಡುತ್ತದೆ. ಅದಕ್ಕಾಗಿ ಹೆಚ್ಚು ಹಣ ತೆರಬೇಕಿಲ್ಲ.

ಲೆನ್ಸ್ ವಿಷಯದಲ್ಲಿ ಎಲ್ಲರ ಬಾಯಲ್ಲೂ 50 ಎಂಎಂ ಎಫ್/1.8. ಬೆಲೆ ಕಡಿಮೆ, ಬೆಳಕು ಧಾರಾಳ. ಆದರೆ 200ಡಿಯ ಚಿಕ್ಕ ಸೆನ್ಸರಿನಲ್ಲಿ ಅದು 80 ಎಂಎಂನಷ್ಟು ಕಿರಿದಾದ ನೋಟ ಕೊಡುತ್ತದೆ. ಹತ್ತಡಿಯ ಕೋಣೆಯಲ್ಲಿ ಇಬ್ಬರನ್ನು ಕೂರಿಸಿದರೆ ಕ್ಯಾಮೆರಾ ಹಿಡಿದವರು ಗೋಡೆಗೆ ಒರಗಬೇಕು. ಒಳಾಂಗಣಕ್ಕೆ 24 ಎಂಎಂ ಎಫ್/2.8 ಪ್ಯಾನ್‌ಕೇಕ್ ಲೆನ್ಸ್ ಜಾಣ ಆಯ್ಕೆ.

ಉಳಿದ ಹಣಕ್ಕೆ ಒಂದು ಕಾಲರ್ ಮೈಕ್, ಗಟ್ಟಿ ಟ್ರೈಪಾಡ್, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು; ಸೆಕೆಂಡಿಗೆ 25 ಫ್ರೇಮ್, 1/50 ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿಣುಕುವ ಕಾಟ ತಪ್ಪುತ್ತದೆ. ಅದೇ ಶಟರಿನಲ್ಲಿ ಲೆನ್ಸನ್ನು ಅಗಲವಾಗಿ ತೆರೆದು ನಡುಹಗಲ ಬಯಲಿಗೆ ಹೋದರೆ ಫಿಲ್ಟರ್ ಇಲ್ಲದೆ ಚಿತ್ರ ಬೆಳ್ಳಗೆ ಸುಟ್ಟಂತಾಗುತ್ತದೆ.

ಸಂದರ್ಶನ, ಅಡುಗೆ, ಕಿರುಚಿತ್ರಗಳಿಗೆ ಈ ಸೆಟ್ ಧಾರಾಳವಾಗಿ ಸಾಕು. ಯಕ್ಷಗಾನ ಪ್ರಸಂಗವನ್ನೋ ಸಂಗೀತ ಕಛೇರಿಯನ್ನೋ ಪೂರ್ತಿ ಹಿಡಿಯಬೇಕೆಂದರೆ ಇದು ಬೇಡ: 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ತಾನಾಗಿ ನಿಲ್ಲುತ್ತದೆ. ಆ ಕೆಲಸಕ್ಕೆ ಹಳೆಯ ಹ್ಯಾಂಡಿಕ್ಯಾಮೇ ಮೇಲು.