ಕ್ಯಾತನಹಳ್ಳಿಯ ಶಾಸನವೂ ತಿದ್ದಿದ ಕರಡೂ

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಗಂಗಶಾಸನವನ್ನು ಕುರಿತು ವಿದ್ಯಾರ್ಥಿಯೊಬ್ಬನು ರಚಿಸಿದ ಸಂಶೋಧನ ಪ್ರಬಂಧವು ಪರಿಶ್ರಮದಿಂದ ಕೂಡಿದುದು. ಆದರೆ ಅದನ್ನು ಪರಿಷ್ಕರಿಸಿದ ಕೈಯೇ ಅದನ್ನು ಕೆಡಿಸಿದೆಯೆಂದು ಹೇಳದೆ ವಿಧಿಯಿಲ್ಲ.

ಶ್ರೀರಂಗಪಟ್ಟಣ 147, 148 ಎಂದು ರೈಸರು 1894ರಲ್ಲಿ ಪ್ರಕಟಿಸಿದ ಶಾಸನಗಳು ಸುಮಾರು ಕ್ರಿ.ಶ. 900ರವು. ಕಲ್ಬಪ್ಪುವಿನ ಶಿಖರವು ಭದ್ರಬಾಹು-ಚಂದ್ರಗುಪ್ತ ಮುನಿಪತಿಗಳ ಚರಣಚಿಹ್ನೆಗಳಿಂದ ಅಂಕಿತವಾದುದೆಂಬುದಕ್ಕೆ ಆರ್. ನರಸಿಂಹಾಚಾರ್ಯರು ಇವನ್ನು ಆಧಾರವಾಗಿ ಹಿಡಿದರು. ಅಲ್ಲಿರುವುದು 'ಮುನಿಪತಿ' ಮಾತ್ರ. ವಿದ್ಯಾರ್ಥಿಯ ಮೊದಲ ಕರಡಿನಲ್ಲಿಯೂ ಹಾಗೆಯೇ ಇತ್ತು. ತಿದ್ದಿದ ಪ್ರತಿಯಲ್ಲಿ, ಶಾಸನವೇ ನುಡಿದಂತೆ, 'ಮೌರ್ಯ ಚಕ್ರವರ್ತಿ' ಬಂದು ಕುಳಿತಿದ್ದಾನೆ. ಫ್ಲೀಟರು ವಿರೋಧಿಸಿದುದು ಈ ಸಮೀಕರಣವನ್ನೇ. ಸಾಧಿಸಬೇಕಾದುದನ್ನು ಪಾಠದೊಳಗೇ ಸೇರಿಸಿದರೆ ದುರ್ಬಲವಾಗುವುದು ನಮ್ಮ ಪರಂಪರೆಯ ಪಕ್ಷ. 'ಕಲ್ಬಪ್ಪು'ವನ್ನು 'ಶ್ರವಣಬೆಳ್ಗೊಳ' ಎಂದು ಮಾಡಿರುವುದೂ ಸಲ್ಲದು. ಅದು ಚಿಕ್ಕಬೆಟ್ಟ, ಊರಲ್ಲ.

ಶಾಸನಪಾಠದ ಱ, ೞಗಳನ್ನು ಅಚ್ಚಿನ ದೋಷವೆಂದು ಬಗೆದು ರ, ಳಗಳಾಗಿ ತಿದ್ದಿರುವುದು ಇನ್ನೂ ಖೇದಕರ. ಕಾಲನಿರ್ಣಯಕ್ಕೆ ಒದಗುವ ಸಾಕ್ಷ್ಯವೇ ಇದರಿಂದ ಅಳಿದುಹೋಯಿತು. ಓಲೆಪ್ರತಿಗಳ ಲಿಪಿಕಾರರೂ ಹೀಗೆ ಮಾಡಿದುದುಂಟು. ಅವರ ಮುಂದೆ ಕಲ್ಲಿರಲಿಲ್ಲವೆಂಬ ಸಮಾಧಾನವಾದರೂ ಇದೆ.

ಸಂಖ್ಯೆಗಳ ವಿಷಯ: ಪರಿಷ್ಕೃತ ಆರನೆಯ ಸಂಪುಟದಲ್ಲಿ (1977) ಕ್ಯಾತನಹಳ್ಳಿಯು ಪಾಂಡವಪುರದ ಕೆಳಗೆ ಬರುತ್ತದೆ. ಪ್ರಬಂಧದಲ್ಲಿ ಹಳೆಯ ಸಂಖ್ಯೆಗೆ ಹೊಸ ಸಂಪುಟವನ್ನು ಜೋಡಿಸಿರುವುದರಿಂದ ಓದುಗನು ಬೇರೊಂದು ಶಾಸನವನ್ನು ತೆರೆದು ಕೂರಬೇಕಾಗುತ್ತದೆ. ಮೊದಲ ಕರಡನ್ನು ಶಾಸನದ ಪಡಿಯಚ್ಚಿನೊಡನೆ ಹೋಲಿಸಿ, ಅದನ್ನೇ ಅಚ್ಚಿಗೆ ಕೊಡುವುದು ಲೇಸು.