‘ಅಮೇಜಿಂಗ್ ಗ್ರೇಸ್’ ಕೇಳುವ ಬಗೆ: ಬ್ಯಾಗ್‌ಪೈಪ್ ರಸಿಕರಿಗೊಂದು ಕೈಪಿಡಿ

ಬ್ಯಾಗ್‌ಪೈಪ್ ಎಂದೊಡನೆ ಜಗತ್ತಿನ ಬಹುಪಾಲು ಜನರಿಗೆ ನೆನಪಾಗುವ ಮಟ್ಟು ‘ಅಮೇಜಿಂಗ್ ಗ್ರೇಸ್’. ವಾದಕರಲ್ಲಿ ಹಲವರಿಗೆ ಬೇಸರ ತರಿಸುವುದೂ ಅದೇ. ಹೊಸ ಕೇಳುಗರು ಇಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಆಕ್ಷೇಪ ಹೊಸದಲ್ಲ. 1972ರಲ್ಲಿ ರಾಯಲ್ ಸ್ಕಾಟ್ಸ್ ಡ್ರಗೂನ್ ಗಾರ್ಡ್ಸ್ ಎಂಬ ಸೇನಾ ರೆಜಿಮೆಂಟಿನ ವಾದ್ಯವೃಂದ ನುಡಿಸಿದ ಧ್ವನಿಮುದ್ರಿಕೆ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಪೈಪಿನ ಘನತೆ ಕಳೆದಿರೆಂದು ಅದರ ಪೈಪ್ ವಾದಕರ ಮುಖ್ಯಸ್ಥನಾದ ಪೈಪ್ ಮೇಜರನ್ನು ಎಡಿನ್‌ಬರೋ ಕೋಟೆಗೆ ಕರೆಸಿ ಗದರಿಸಿದರು ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಈ ಹಾಡು ಪೈಪಿಗೆಂದು ಹುಟ್ಟಿದ್ದಲ್ಲ, ನಿಜ. ಸಾಹಿತ್ಯ ಒಂದು ಕಾಲಕ್ಕೆ ಗುಲಾಮರ ಹಡಗಿನ ಕಪ್ತಾನನಾಗಿದ್ದ ಇಂಗ್ಲೆಂಡಿನ ಪಾದ್ರಿ ಜಾನ್ ನ್ಯೂಟನ್‌ನದು. ಇಂದಿನ ಮಟ್ಟು ಅದಕ್ಕೆ ಜೊತೆಯಾದದ್ದು 1835ರ ಅಮೆರಿಕದ ಒಂದು ಹಾಡುಪುಸ್ತಕದಲ್ಲಿ. ಮೇಲಾಗಿ ಮದುವೆ, ಶವಸಂಸ್ಕಾರ, ಪ್ರವಾಸಿಗಳ ಬೀದಿ, ಎಲ್ಲೆಡೆಯೂ ಅದನ್ನೇ ಕೇಳುತ್ತಾರೆ. ಬೆರಳಿಗೆ ಸವಾಲೂ ಕಡಿಮೆ.

ಆದರೆ ಕಿವಿಗೆ? ಮೊದಲು ವಾದ್ಯದ ಸ್ವಭಾವ ತಿಳಿಯಿರಿ. ವಾದಕ ಚೀಲಕ್ಕೆ ಊದಿ, ತೋಳಿನಿಂದ ಒತ್ತುತ್ತಾನೆ. ಬೆರಳಾಡುವ ಕೊಳಲಿಗೆ ಚಾಂಟರ್ ಎಂದು ಹೆಸರು; ಅದರಲ್ಲಿ ಒಂಬತ್ತೇ ಸ್ವರ. ಹೆಗಲ ಮೇಲಿನ, ಡ್ರೋನ್ ಎಂಬ ಮೂರು ಕೊಳವೆಗಳು ಒಂದೇ ಶ್ರುತಿ ಹಿಡಿದಿರುತ್ತವೆ. ನಾದವನ್ನು ಜೋರು ಮೆದು ಮಾಡಲಾಗದು, ನಡುವೆ ನಿಲ್ಲಿಸಲೂ ಆಗದು. ಒಂದೇ ಸ್ವರ ಎರಡು ಸಲ ಬರಬೇಕೆಂದರೆ ಮಧ್ಯೆ ಇನ್ನೊಂದು ಸ್ವರವನ್ನು ಚಕ್ಕನೆ ಸೋಕಿಸಿಯೇ ಬಿಡಿಸಬೇಕು. ಆ ಸ್ಪರ್ಶಸ್ವರಗಳು ಬರೀ ಅಲಂಕಾರವಲ್ಲ, ಪೈಪಿನ ಉಚ್ಚಾರಣೆ.

ಈಗ ಮಟ್ಟಿಗೆ ಬನ್ನಿ. ಇದರಲ್ಲಿರುವುದು ಐದು ಸ್ವರ; ನಮ್ಮ ಲೆಕ್ಕದಲ್ಲಿ ಸ ರಿ ಗ ಪ ದ, ಮೋಹನದ ಸ್ವರಗಳೇ. ವಿಶೇಷವೆಂದರೆ ಡ್ರೋನ್ ನಿಂತಿರುವುದು ಮಟ್ಟಿನ ಷಡ್ಜದ ಮೇಲಲ್ಲ, ಪಂಚಮದ ಮೇಲೆ. ತಂಬೂರಿಗೆ ಒಗ್ಗಿದ ಕಿವಿಗೆ ಇದು ವಿಚಿತ್ರವೆನಿಸಬಹುದು. ಹಾಡು ತನ್ನ ಷಡ್ಜಕ್ಕೆ ಬಂದು ಇಳಿದರೂ ಕೆಳಗೆ ಪಂಚಮ ಮೊರೆಯುತ್ತಲೇ ಇರುತ್ತದೆ, ವಿಶ್ರಾಂತಿ ಪೂರ್ತಿಯಾಗುವುದಿಲ್ಲ. ಎರಡನೆಯ ಸಾಲಿನ ಕೊನೆಯಲ್ಲಿ ಮಟ್ಟು ಮೇಲಿನ ಪಂಚಮಕ್ಕೇರಿ ದೀರ್ಘವಾಗಿ ನಿಲ್ಲುತ್ತದಲ್ಲ, ಅಲ್ಲಿ ಚಾಂಟರೂ ಡ್ರೋನೂ ಒಂದೇ ಸ್ವರದ ಬೇರೆ ಬೇರೆ ಸ್ಥಾಯಿಗಳಲ್ಲಿ ಕೂಡುತ್ತವೆ. ಶ್ರುತಿ ಸರಿಯಿದ್ದರೆ ಎರಡನ್ನು ಬೇರ್ಪಡಿಸಿ ಕೇಳುವುದೇ ಕಷ್ಟ. ಕೂದಲೆಳೆಯಷ್ಟು ತಪ್ಪಿದರೂ ನಾದ ಅಲೆಅಲೆಯಾಗಿ ಕಂಪಿಸುತ್ತದೆ. ತೋಳಿನ ಒತ್ತಡ ಸಡಿಲವಾದರೆ ಸ್ವರ ಜಾರುತ್ತದೆ. ರೀಲ್ ಎಂಬ ಬಿರುಸಿನ ಕುಣಿತದ ಮಟ್ಟಿನಲ್ಲಿ ಬೆರಳಿನ ಚುರುಕು ಇಂಥ ಕುಂದುಗಳನ್ನು ಮುಚ್ಚಿಬಿಡಬಹುದು. ಇಲ್ಲಿ ವಾದಕನಿಗೆ ಯಾವ ಮರೆಯೂ ಇಲ್ಲ. ಈ ಮಟ್ಟು ಸುಲಭ ಎನ್ನುವವರೊಂದಿಗೆ ನನ್ನ ತಕರಾರು ಇರುವುದು ಇಲ್ಲೇ.

ಹಾಗಾಗಿ 1972ರ ಧ್ವನಿಮುದ್ರಿಕೆಯನ್ನು ಎರಡು ಸಲ ಕೇಳಿ. ಮೊದಲ ಸಲ ಒಂಟಿ ಪೈಪಿನ ಭಾಗಕ್ಕಷ್ಟೇ ಗಮನ ಕೊಡಿ. ಎರಡನೆಯ ಸಲ ಹಿತ್ತಾಳೆ ವಾದ್ಯಗಳು ಸೇರಿದಾಗ ಡ್ರೋನ್ ಎಲ್ಲಿ ಹೋಯಿತೆಂದು ಹುಡುಕಿ. ಅಲ್ಲಿ ಗಾತ್ರ ಹಿಗ್ಗುತ್ತದೆ. ಪೈಪಿನ ಒಳಸೂಕ್ಷ್ಮ ಮುಳುಗುತ್ತದೆ. ಈ ಒಂದು ವಿಷಯದಲ್ಲಿ ನಾನು ಮುನಿದ ವಾದಕರ ಪಕ್ಷ.

ಅವರು ಕಾಪಾಡಲು ಹೊರಟಿರುವುದು ಏನೆಂದು ತಿಳಿಯಬೇಕಾದರೆ ಮುಂದೆ ಪೀಬ್ರೋಕ್ ಕೇಳಬೇಕು. ಅದು ಪೈಪಿನ ‘ದೊಡ್ಡ ಸಂಗೀತ’. ಗುರುಗಳು ಅದನ್ನು ಶಿಷ್ಯರಿಗೆ ಬಾಯಿಂದ ಹಾಡುವ ಉಚ್ಚಾರಗಳಲ್ಲಿ ಕಲಿಸುತ್ತ ಬಂದಿದ್ದಾರೆ. ‘ಉರ್ಲರ್’ ಎಂಬ ನಿಧಾನದ ಮೂಲಭಾಗದಿಂದ ಹೊರಟು, ಸ್ಪರ್ಶಸ್ವರಗಳ ಗೊಂಚಲು ಸುತ್ತುಸುತ್ತಿಗೂ ದಟ್ಟವಾಗುತ್ತ, ಕೊನೆಗೆ ಮತ್ತೆ ಉರ್ಲರ್‌ಗೆ ಮರಳುತ್ತದೆ. ಹತ್ತು ನಿಮಿಷ ಮೀರುವುದು ಸಾಮಾನ್ಯ; ಮೊದಲ ಸಲ ಕೇಳುವಾಗ ಉರ್ಲರ್ ಒಂದನ್ನೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡರೂ ಸಾಕು.