‘ಹೂಮರವಾಗುವ ಹುಡುಗಿ’ ಹಾಗೂ ‘ಚೆಲುವಿ’: ಒಂದು ತೌಲನಿಕ ವಿವೇಚನೆ

ಜನಪದ ಕಥೆಯೊಂದು ಚಲನಚಿತ್ರವಾದಾಗ ನಡೆಯುವ ಚರ್ಚೆಯು ಬಹುಮಟ್ಟಿಗೆ ಮೂಲನಿಷ್ಠೆಯ ಪ್ರಶ್ನೆಯಲ್ಲೇ ನಿಂತುಬಿಡುತ್ತದೆ. ಕಥೆಯಲ್ಲಿದ್ದದ್ದು ಏನು, ಚಿತ್ರದಲ್ಲಿ ಉಳಿದದ್ದು ಏನು ಎಂಬ ಪಟ್ಟಿಯೇ ವಿಮರ್ಶೆಯೆನಿಸಿಕೊಳ್ಳುತ್ತದೆ. ಮೌಖಿಕ ಪರಂಪರೆಗೆ ಈ ಅಳತೆಗೋಲು ಒಗ್ಗುವುದಿಲ್ಲ. ಹೇಳುವವರು ಬದಲಾದಂತೆ ಕಥೆಯೂ ಬದಲಾಗುವುದರಿಂದ ಅಲ್ಲಿ ಏಕೈಕ ಮೂಲಪಾಠವೆಂಬುದಿಲ್ಲ. ಆದ್ದರಿಂದ ಚಿತ್ರವನ್ನೂ ಒಂದು ಪಾಠಾಂತರವೆಂದು ಪರಿಗಣಿಸುವುದು ಹೆಚ್ಚು ಸೂಕ್ತ. ಹಾಗೆಂದ ಮಾತ್ರಕ್ಕೆ ಪ್ರತಿಯೊಂದು ಬದಲಾವಣೆಯೂ ಸಮರ್ಥನೀಯವೆಂದಾಗುವುದಿಲ್ಲ. ಕಥೆಯು ತನಗೆ ತಾನೇ ವಿಧಿಸಿಕೊಂಡ ನಿಯಮವನ್ನು ಹೊಸ ಪಾಠವು ಹೇಗೆ ನಡೆಸಿಕೊಂಡಿದೆ ಎಂಬುದೇ ಇಲ್ಲಿ ನಿಜವಾದ ಪರೀಕ್ಷೆ. ಗಿರೀಶ್ ಕಾರ್ನಾಡರ ‘ಚೆಲುವಿ’ (1992) ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಹಿಂದಿ ಚಿತ್ರಕ್ಕೆ ಆಧಾರವಾದುದು ಕರ್ನಾಟಕದ ಒಂದು ಮೌಖಿಕ ಕಥೆ. ಇದನ್ನು ದಾಖಲಿಸಿ ವಿವೇಚಿಸಿದವರು ಎ.ಕೆ. ರಾಮಾನುಜನ್ (1929–1993). ಅವರ ನಿಧನಾನಂತರ, 1997ರಲ್ಲಿ ಪ್ರಕಟವಾದ ಮೌಖಿಕ ಕಥೆಗಳ ಸಂಕಲನಕ್ಕೆ ಇದೇ ಕಥೆಯ ಹೆಸರನ್ನು ಇಡಲಾಯಿತು. ಕಾರ್ನಾಡರ ‘ನಾಗಮಂಡಲ’ (1988) ನಾಟಕಕ್ಕೂ ರಾಮಾನುಜನ್ ಅವರಿಂದ ತಿಳಿದ ಕಥೆಗಳೇ ಆಕರ ಎಂಬುದನ್ನು ಇಲ್ಲಿ ನೆನೆಯಬಹುದು.

ರಾಮಾನುಜನ್ ಅವರ ಪಾಠದಲ್ಲಿ ಕಥಾನಾಯಕಿಗೆ ಹೆಸರಿಲ್ಲ. ಕೂಲಿ ಮಾಡಿ ಸಂಸಾರ ಸಾಗಿಸುವ ಮುದುಕಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಅವಳು ಕಿರಿಯಳು. ತಾಯಿಯ ಕಷ್ಟ ನೋಡಲಾರದೆ ತಾನು ಹೂಮರವಾಗುವುದಾಗಿ ಅಕ್ಕನಿಗೆ ಹೇಳುತ್ತಾಳೆ. ಅದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಉಗುರು ತಾಗದಂತೆ ಎರಡು ಕೊಡ ನೀರು ತರಬೇಕು. ಒಂದನ್ನು ಎರೆದರೆ ಅವಳು ಮರವಾಗುತ್ತಾಳೆ. ಕುಡಿ ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿಕೊಂಡು ಇನ್ನೊಂದನ್ನು ಎರೆದರೆ ಮತ್ತೆ ಮನುಷ್ಯಳಾಗುತ್ತಾಳೆ. ಹೂ ಅರಮನೆ ಸೇರುತ್ತದೆ, ಅರಸನ ಮಗ ಗುಟ್ಟು ತಿಳಿದು ಅವಳನ್ನು ಮದುವೆಯಾಗುತ್ತಾನೆ. ಅಸೂಯೆಯ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗುವಂತೆ ಒತ್ತಾಯಿಸುತ್ತಾಳೆ. ಗೆಳತಿಯರೊಡನೆ ಕೊಂಬೆಗಳನ್ನು ಮುರಿದು, ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಹೋಗುತ್ತಾಳೆ. ಉಳಿಯುವುದು ಕೈಕಾಲುಗಳಿಲ್ಲದ ಒಂದು ದೇಹ ಮಾತ್ರ.

ಕಥೆಯ ಒಟ್ಟು ಕ್ರಿಯೆಯು ನೀರೆರೆಯುವ ಕೈಗಳ ಮೇಲೆ ನಿಂತಿದೆ. ಅಕ್ಕನ ಕೈಯಲ್ಲಿ ಅದು ಹಸಿವನ್ನು ನೀಗಿಸುವ ಕೆಲಸ. ಗಂಡನ ಕೈಯಲ್ಲಿ ಶೃಂಗಾರ. ನಾದಿನಿಯ ಕೈಯಲ್ಲಿ ಹಿಂಸೆ. ಮರವಾದವಳಿಗೆ ಮಾತಿಲ್ಲ, ಚಲನೆಯಿಲ್ಲ. ಅವಳ ಸೃಷ್ಟಿಶಕ್ತಿ ಪ್ರಕಟವಾಗುವ ಗಳಿಗೆಯೇ ಅವಳು ಪೂರ್ಣ ಪರಾಧೀನಳಾಗುವ ಗಳಿಗೆ. ರಾಮಾನುಜನ್ ಇದನ್ನು ‘ಹೆಣ್ಣಿನ ಕಥೆ’ ಎಂದು ಕರೆದುದರ ಹಿಂದೆ ಈ ಗ್ರಹಿಕೆಯಿದೆ. ಋತುಮತಿಯನ್ನು ‘ಪುಷ್ಪವತಿ’ ಎನ್ನುವ ಭಾಷಾಪರಂಪರೆಯಲ್ಲಿ ಹೂ ಬಿಡುವುದೆಂದರೆ ಹೆಣ್ಣಾಗುವುದೇ ಆಗಿದೆ.

ಕಾರ್ನಾಡರು ಕಥೆಯ ಈ ನಡೆಯನ್ನು ಬಹುಪಾಲು ಉಳಿಸಿಕೊಂಡು ಅದರ ಲೋಕವನ್ನು ಬದಲಿಸುತ್ತಾರೆ. ಅರಮನೆ ಹಳ್ಳಿಯ ಮುಖ್ಯಸ್ಥನ ಮನೆಯಾಗುತ್ತದೆ. ಅರಸನ ಮಗ ಕುಮಾರನೆಂಬ ತರುಣನಾಗುತ್ತಾನೆ. ಹೆಸರಿಲ್ಲದ ಹುಡುಗಿಗೆ ‘ಚೆಲುವಿ’ ಎಂಬ ಕನ್ನಡದ ಹೆಸರು ದೊರೆಯುತ್ತದೆ. ಸೋನಾಲಿ ಕುಲಕರ್ಣಿ ನಿರ್ವಹಿಸಿದ ಈ ಪಾತ್ರಕ್ಕೆ ಕಥೆಯ ಪ್ರತಿರೂಪಕ್ಕಿಲ್ಲದ ವ್ಯಕ್ತಿತ್ವವಿದೆ. ಆದರೆ ನಿರ್ಣಾಯಕ ವ್ಯತ್ಯಾಸವಿರುವುದು ಮುಕ್ತಾಯದಲ್ಲಿ.

ಕಥೆಯಲ್ಲಿ ಗಂಡನು ಅವಳನ್ನು ಮತ್ತೆ ಪಡೆದಾಗ, ಗುಣವಾಗುವ ಬಗೆಯನ್ನು ಅವಳೇ ಹೇಳಿಕೊಡುತ್ತಾಳೆ. ಅವನು ಒಂದು ಕೊಡ ನೀರು ಎರೆಯುತ್ತಾನೆ. ಮುರಿದ ಕೊಂಬೆಗಳನ್ನೇ ಹೊತ್ತ ಮರ ಎದ್ದು ನಿಲ್ಲುತ್ತದೆ. ಅವನು ಒಂದೊಂದನ್ನೂ ನೆಟ್ಟಗೆ ಮಾಡಿ, ಕಟ್ಟಿ, ಎರಡನೆಯ ಕೊಡವನ್ನು ಎರೆಯುತ್ತಾನೆ. ಗಾಯವು ದೇಹದಿಂದ ಬೇರ್ಪಟ್ಟಿಲ್ಲ. ಆದುದರಿಂದಲೇ ಅದು ಮಾಯುತ್ತದೆ. ಚಿತ್ರದಲ್ಲಿಯಾದರೋ ಕೊಂಬೆಗಳು ಮರದಿಂದ ಬೇರೆಯಾಗಿವೆ. ಕುಮಾರನು ಅವುಗಳನ್ನು ಹುಡುಕುವ ಹೊತ್ತಿಗೆ ಕಾಡು ಕಡಿಯುವವರು ಬಂದು ಹೋಗಿದ್ದಾರೆ. ಬೇರೆ ಮರಗಳ ತುಂಡುಗಳ ಜೊತೆಗೆ ಚೆಲುವಿಯ ಅಂಗಗಳೂ ಸಾಗಿಹೋಗಿವೆ. ಮೌಖಿಕ ಕಥೆಯ ಲೋಕದಲ್ಲಿ ಮುರಿದದ್ದು ಮುರಿದಲ್ಲೇ ಉಳಿದು, ಕೂಡಿಸುವ ಕೈಗಾಗಿ ಕಾಯುತ್ತದೆ. ವ್ಯಾಪಾರದ ಲೋಕದಲ್ಲಿ ಮುರಿದ ಕೊಂಬೆ ಮರುಕ್ಷಣವೇ ಸರಕು. ಕಾರ್ನಾಡರು ಕಥೆಯ ನಿಯಮವನ್ನು ಎಲ್ಲಿಯೂ ಮುರಿದಿಲ್ಲ. ಅದೇ ನಿಯಮವು ಬದಲಾದ ಆರ್ಥಿಕತೆಯಲ್ಲಿ ಎಲ್ಲಿಗೆ ಮುಟ್ಟಬಹುದೋ ಅಲ್ಲಿಗೆ ಅದನ್ನು ಮುಟ್ಟಿಸಿದ್ದಾರೆ. ಸುಖಾಂತವನ್ನು ಕೈಬಿಟ್ಟರೆಂಬ ಆಕ್ಷೇಪಕ್ಕೆ ಇದೇ ಸಮಾಧಾನ.

ಅಪರಾಧದ ಹಂಚಿಕೆಯೂ ಇದಕ್ಕೆ ತಕ್ಕಂತೆ ಬದಲಾಗಿದೆ. ಕಥೆಯಲ್ಲಿ ಅಪರಾಧಿ ನಾದಿನಿಯೊಬ್ಬಳೇ. ಅರಸನು ಗುಂಡಿ ತೋಡಿಸಿ, ಸುಡುವ ಸುಣ್ಣ ತುಂಬಿಸಿ, ಮಗಳನ್ನೇ ಅದರಲ್ಲಿ ನೂಕುವುದರೊಂದಿಗೆ ಲೆಕ್ಕ ಚುಕ್ತವಾಗುತ್ತದೆ. ಚಿತ್ರದಲ್ಲಿ ಕುಮಾರನ ತಂಗಿ ಇನ್ನೂ ಎಳೆಯಳು. ಅವಳದು ಹಟ, ಕುತೂಹಲ ಮತ್ತು ಹೆದರಿ ಓಡುವ ಬಾಲಿಶತೆ. ಅವಳು ಮಾಡಿದ ಗಾಯವನ್ನು ಶಾಶ್ವತಗೊಳಿಸುವವರು ಅವಳನ್ನು ಅರಿಯದ, ದ್ವೇಷವೂ ಇಲ್ಲದ ಅನ್ಯರು. ಸುಣ್ಣದ ಗುಂಡಿಗೆ ನೂಕಲು ಇಲ್ಲಿ ಯಾರೂ ಸಿಗುವುದಿಲ್ಲ. ಪ್ರೇಕ್ಷಕನ ಅಸಮಾಧಾನದ ಮೂಲ ಇಲ್ಲಿದೆ.

ಆದರೆ ಈ ಗಳಿಕೆಗೆ ತೆತ್ತ ಬೆಲೆಯನ್ನೂ ಗುರುತಿಸಬೇಕಾಗುತ್ತದೆ. ಕಥೆಯ ಉತ್ತರಾರ್ಧದಲ್ಲಿ ವಿಕಲಾಂಗ ದೇಹವನ್ನು ಗಾಡಿಯವರು ಎತ್ತಿಕೊಂಡು ಹೋಗಿ ಬೇರೊಂದು ಊರಿಗೆ ಮುಟ್ಟಿಸುತ್ತಾರೆ. ಅದು ಗಂಡನ ಅಕ್ಕ ರಾಣಿಯಾಗಿರುವ ಊರು. ಹೆಂಡತಿಯನ್ನು ಕಳೆದುಕೊಂಡು ಅಲೆಮಾರಿಯಾದ ಗಂಡನೂ ಅಲ್ಲಿಗೇ ಬರುತ್ತಾನೆ. ರಾಣಿಯ ಮನೆಯ ಹೆಂಗಸರು ಇಬ್ಬರನ್ನೂ ಉಪಚರಿಸುತ್ತಾರೆ. ಒಬ್ಬ ನಾದಿನಿ ಮುರಿದ ಬಾಳು ಮತ್ತೊಬ್ಬ ನಾದಿನಿಯ ಮನೆಯಲ್ಲಿ ಕೂಡುತ್ತದೆ. ಹೆಣ್ಣಿನ ಕೇಡಿಗೆ ಹೆಣ್ಣೇ ಕಾರಣವೆಂಬ ಸರಳ ತೀರ್ಮಾನವನ್ನು ಕಥೆಯು ತಾನಾಗಿಯೇ ತಳ್ಳಿಹಾಕುವ ಸ್ಥಳವಿದು. ಅಷ್ಟೇ ಅಲ್ಲ, ನಾಯಕಿಯು ತನಗಾದುದನ್ನೆಲ್ಲ ಬಾಯಿಬಿಟ್ಟು ಹೇಳುವುದೂ ಇಲ್ಲಿಯೇ. ಭೋಗಕ್ಕಾಗಿ ನೀರೆರೆದಿದ್ದ ಕೈ, ಅವಳ ಮಾತು ಕೇಳಿದ ನಂತರ, ಆರೈಕೆಗಾಗಿ ಎರೆಯಲು ಕಲಿಯುತ್ತದೆ. ಚಿತ್ರದಲ್ಲಿ ಚೆಲುವಿ ಉಪಾಯವನ್ನು ಹೇಳುತ್ತಾಳಾದರೂ ಅವಳ ಮಾತಿಗೆ ಫಲ ದಕ್ಕುವುದಿಲ್ಲ.

1992ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂಬ ಮನ್ನಣೆ ‘ಚೆಲುವಿ’ಗೆ ದೊರೆಯಿತು. ಮನ್ನಣೆ ಸಹಜವಾದುದೇ, ಆದರೆ ಅದರ ನೆರಳಿನಲ್ಲಿ ಚಿತ್ರವನ್ನು ಮರಗಳ ಕುರಿತ ನೀತಿಪಾಠವಾಗಿ ಮಾತ್ರ ಓದುವ ಅಪಾಯವಿದೆ. ಕಥೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಅದು ನೀಗುತ್ತದೆ. ಮರವು ಇಲ್ಲಿ ಹೆಣ್ಣಿಗೆ ಕೇವಲ ರೂಪಕವಲ್ಲ. ಹೆಣ್ಣೂ ಮರಕ್ಕೆ ಕೇವಲ ರೂಪಕವಲ್ಲ. ಎರಡಕ್ಕೂ ಅನ್ವಯವಾಗುವ ಷರತ್ತು ಒಂದೇ: ಹೂ ಬಿಡಿಸುವವರು ಕುಡಿ ಮುರಿಯಬಾರದು, ಎರಡನೆಯ ಕೊಡವನ್ನು ಮರೆಯಬಾರದು. ಮೌಖಿಕ ಕಥೆಯು ಈ ಷರತ್ತು ಮುರಿದ ಮೇಲೂ ಸರಿಪಡಿಸಿಕೊಳ್ಳಲು ಅವಕಾಶವಿದೆಯೆಂದು ನಂಬುತ್ತದೆ. ಚಿತ್ರವು ಆ ಅವಕಾಶದ ಅವಧಿ ಮುಗಿದುಹೋಗಬಹುದೆಂದು ಎಚ್ಚರಿಸುತ್ತದೆ. ಒಂದು ಪಾಠವು ಇನ್ನೊಂದನ್ನು ರದ್ದುಪಡಿಸುವುದಿಲ್ಲ. ಕಥೆಯ ನಂಬಿಕೆಯನ್ನು ಬಲ್ಲವರಿಗಷ್ಟೇ ಚಿತ್ರದ ನಷ್ಟ ಎಷ್ಟು ದೊಡ್ಡದೆಂಬುದು ಪೂರ್ಣವಾಗಿ ತಿಳಿಯುತ್ತದೆ.